ಸಿಮ್ ಬದಲಿ ಮಾಡ್ಲೇನು?

ಹೋದ ಜಾತ್ರೆಗೆ ಔರಾದಕ್ಕೆ ಹೋಗಿದ್ದಾಗ ಕಟ್ಟೆ ಮೇಲೆ ಕೂತಿದ್ದ ಕಾಕಾ ಕೇಳಿದ: "ನಮ್ಮ ಹುಡುಗಗ ನೆಟ್‌ವರ್ಕ್ ಇಲ್ಲಂತ, ಅದಕ್ಕ ನೌಕರಿ ಸಿಗವಲ್ದಂತ. ಸಿಮ್ ಬದಲಿ ಮಾಡ್ಲೇನು?"

ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಕಾಕಾ ದಡ್ಡ ಅಲ್ಲ. ಮಗನ ವಿಎಫ್‌ಎಕ್ಸ್ ಕೋರ್ಸಿಗಾಗಿ ಎರಡು ಎಕರೆ ತೊಗರಿ ಹೊಲ ಅಡ ಇಟ್ಟವನು. ಚುಚ್ಚಿದ್ದು ನನಗೇ. ನಾನು ಬೆಂಗಳೂರಲ್ಲಿ ವಿಎಫ್‌ಎಕ್ಸ್ ಸ್ಟುಡಿಯೊಗಳಿಗೆ ಪೈಥಾನ್‌ನಲ್ಲಿ ಟೂಲ್ ಬರೆದು ಹೊಟ್ಟೆ ಹೊರೆಯುವ ಎಂಜಿನಿಯರ್. ಆ ಹುಡುಗ ಎಂಟು ತಿಂಗಳಲ್ಲಿ ನಾಲ್ಕು ಸಲ ಮೆಸೇಜ್ ಹಾಕಿದ್ದ: "ಅಣ್ಣಾ, ನನ್ನ ಶೋರೀಲ್ ಒಮ್ಮೆ ನೋಡಿ ಹೇಳು." ನಾಲ್ಕೂ ಸಲ ಹೆಬ್ಬೆರಳಿನ ಇಮೋಜಿ ಒತ್ತಿ ಸುಮ್ಮನಾಗಿದ್ದೆ. ಲಿಂಕ್ ತೆರೆದೇ ಇರಲಿಲ್ಲ.

ಹಾಗಾಗಿ ಈ ಜಗಳ ಮೊದಲು ನನ್ನ ಜೊತೆ, ಆಮೇಲೆ ನಿಮ್ಮ ಜೊತೆ.

ಕೋರ್ಸ್ ಮಾರುವವರು ಬ್ಯಾನರಿನಲ್ಲಿ ಸಿಂಹ, ಡ್ರ್ಯಾಗನ್ ತೋರಿಸುತ್ತಾರೆ. ಮೊದಲ ಕೆಲಸ ರೋಟೊ ಅಂತ ಹೇಳಲ್ಲ. ರೋಟೊ ಅಂದರೆ ನಟನ ಅಂಚನ್ನು ಫ್ರೇಮ್ ಫ್ರೇಮಿಗೂ ಗೆರೆ ಎಳೆದು ಬಿಡಿಸೋದು. ಸೆಕೆಂಡಿಗೆ 24 ಫ್ರೇಮ್. ಐದು ಸೆಕೆಂಡಿನ ಶಾಟಿಗೆ 120. ಇಲ್ಲಿ ಕೈಕೂಲಿ ಅಗ್ಗ ಅಂತಲೇ ಆ ಕೆಲಸ ನಮ್ಮ ದೇಶಕ್ಕೆ ಬಂತು. ಈಗ ಯಂತ್ರ ಮೊದಲು ಕೈ ಹಾಕಿದ್ದೂ ಅದಕ್ಕೇ. 2021ರಲ್ಲಿ ನ್ಯೂಕ್ ಸಾಫ್ಟ್‌ವೇರಿಗೆ ಸೇರಿದ ಕಾಪಿಕ್ಯಾಟ್‌ಗೆ ಕೆಲವೇ ಫ್ರೇಮ್ ಮಾಡಿ ತೋರಿಸಿದರೆ ಸಾಕು, ಮಿಕ್ಕಿದ್ದನ್ನು ಅದೇ ಮಾಡಲು ನೋಡುತ್ತೆ. ಕಾಕಾ ಹೊಲ ಅಡ ಇಟ್ಟಿದ್ದು ಈ ಮೆಟ್ಟಿಲಿಗೆ.

"ದೊಡ್ಡ ಸ್ಟುಡಿಯೊ ಸೇರು, ಲೈಫ್ ಸೆಟ್ಲ್" ಅನ್ನೋದು ಇನ್ನೊಂದು ಸುಳ್ಳು. 2013ರ ಫೆಬ್ರುವರಿಯಲ್ಲಿ 'ಲೈಫ್ ಆಫ್ ಪೈ'ನ ಹುಲಿಗೆ ಆಸ್ಕರ್ ಬಂತು. ಅದನ್ನು ಮಾಡಿದ ರಿದಮ್ ಅಂಡ್ ಹ್ಯೂಸ್ ಅದೇ ತಿಂಗಳು ದಿವಾಳಿ ಅರ್ಜಿ ಹಾಕಿತ್ತು. ಹೈದರಾಬಾದ್, ಮುಂಬೈಯಲ್ಲೂ ಅದರ ಸ್ಟುಡಿಯೊ ಇದ್ದವು. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದು ಭಾರತದಲ್ಲಿ ಸುಮಾರು 3,000 ಜನ ಕೆಲಸ ಕಳಕೊಂಡರು, ಹೆಚ್ಚಿನವರು ಬೆಂಗಳೂರಲ್ಲಿ. 'ದಿ ಲಯನ್ ಕಿಂಗ್' ಸಿಂಹಗಳನ್ನು ಮಾಡಿದ ಎಂಪಿಸಿ ಅದೇ ಸಮೂಹದ್ದು. ಕಾರಣ ಗುಟ್ಟೇನಲ್ಲ. ಸ್ಟುಡಿಯೊ ಮೊದಲೇ ಒಂದು ರೇಟ್ ಒಪ್ಪಿಕೊಂಡಿರುತ್ತೆ, ನಿರ್ದೇಶಕ ಕೊನೇ ವಾರದವರೆಗೂ ಬದಲಾಯಿಸುತ್ತಾನೆ, ನಷ್ಟ ಸ್ಟುಡಿಯೊದ್ದು, ರಾತ್ರಿಪಾಳಿ ಹುಡುಗರದ್ದು.

ಅಂದರೆ ಈ ಧಂದೆಯಲ್ಲಿ ಕಂಪನಿ ಉಳಿಯಲ್ಲ, ಪಕ್ಕದ ಕುರ್ಚಿಯವರು ಉಳಿಯುತ್ತಾರೆ. ಒಂದು ಸಿನಿಮಾ ಮುಗಿದ ಮೇಲೆ ಮುಂದಿನದಕ್ಕೆ ಕರೆಯೋದು ಅವರೇ. ನೆಟ್‌ವರ್ಕ್ ಅಂದರೆ ಇಷ್ಟೇ. ಹಾಗಾದರೆ ಪಕ್ಕದ ಕುರ್ಚಿಯೇ ಇಲ್ಲದವನು ಏನು ಮಾಡಬೇಕು?

"ಟ್ಯಾಲೆಂಟ್ ಇದ್ರೆ ಕೆಲಸ ತಾನಾಗೇ ಬರುತ್ತೆ" ಅಂತೀರಿ. ಊರಿಂದ ಬಂದ ಮೇಲೆ ನಾನು ಆ ಹುಡುಗನ ರೀಲ್ ನೋಡಿದೆ. ಮೊದಲ ಹದಿನೈದು ಸೆಕೆಂಡ್ ಅವನ ಹೆಸರೇ ಗಿರಗಿರ ತಿರುಗುತ್ತೆ, ಹಿಂದೆ ಹಾಡು. ಎರಡು ನಿಮಿಷದ ಕೊನೆಯಲ್ಲಿ, ಬೀದರ್ ಕೋಟೆಯ ಗುಂಬದ್ ದರವಾಜಾ ಮುಂದೆ ಮೊಬೈಲಲ್ಲಿ ತೆಗೆದ ಶಾಟ್. ಬಾಗಿಲೊಳಗಿಂದ ಆನೆ ನಡೆದು ಬರುತ್ತೆ. ಕಾಲಡಿ ಕೆಂಪು ಧೂಳು ಏಳುತ್ತೆ, ನೆರಳು ಗೋಡೆ ಮೇಲೆ ಬೀಳಬೇಕಾದಲ್ಲೇ ಬೀಳುತ್ತೆ. ಪುಕ್ಕಟೆ ಸಿಗುವ ಬ್ಲೆಂಡರ್‌ನಲ್ಲಿ ಮಾಡಿದ್ದು. ನಾನು ಮೂರು ಸಲ ನೋಡಿದೆ. ಆದರೆ ದಿನಕ್ಕೆ ಹತ್ತಾರು ರೀಲ್ ನೋಡುವ ಸೂಪರ್‌ವೈಸರ್ ಆ ಆನೆ ಬರುವವರೆಗೂ ಕಾಯುತ್ತಾನಾ? ಒಳ್ಳೇ ಶಾಟ್ ಮೊದಲು ಇಡು, ನೀನು ಮಾಡಿದ್ದು ಯಾವುದು ಅಂತ ಬಿಡಿಸಿ ತೋರಿಸು, ಹಾಡು ತೆಗಿ. ಹತ್ತು ನಿಮಿಷದ ಮಾತು. ಹೇಳುವವರು ಇರಲಿಲ್ಲ, ಅಷ್ಟೇ.

ಬೀದರಿನ ಬಿದ್ರಿ ಕೆಲಸ ನೋಡಿ. ಒಬ್ಬ ಎರಕ ಹೊಯ್ತಾನೆ, ಒಬ್ಬ ಕೆತ್ತುತ್ತಾನೆ, ಒಬ್ಬ ಬೆಳ್ಳಿ ಕೂಡಿಸ್ತಾನೆ, ಕೊನೆಗೆ ಕೋಟೆಯ ಮಣ್ಣು ಹಾಕಿ ಕಪ್ಪು ಮಾಡ್ತಾರೆ. ವಿಎಫ್‌ಎಕ್ಸ್ ಪೈಪ್‌ಲೈನೂ ಹೀಗೇ ಕೈಯಿಂದ ಕೈಗೆ. ಆದರೆ ಅಲ್ಲಿ ಕಲಿಯೋ ಹುಡುಗನನ್ನು ಉಸ್ತಾದ್ ಪಕ್ಕದಲ್ಲೇ ಕೂರಿಸಿಕೊಳ್ತಾನೆ. "ಲಿಂಕ್ಡ್‌ಇನ್‌ನಲ್ಲಿ ಆಕ್ಟಿವ್ ಆಗಿರು" ಅನ್ನಲ್ಲ.

ಸರ್ಕಾರದ್ದೂ ಅದೇ ಕಥೆ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್‌ಗೆ ಕರ್ನಾಟಕ 2012ರಲ್ಲೇ ನೀತಿ ತಂತು. 2024–29ಕ್ಕೆ ಹೊಸದೂ ಬಂದಿದೆ. ಶ್ರೇಷ್ಠತಾ ಕೇಂದ್ರ ಎಲ್ಲಿದೆ? ಮಹದೇವಪುರದಲ್ಲಿ. ಔರಾದದಿಂದ ಹೆಚ್ಚುಕಮ್ಮಿ 700 ಕಿಲೋಮೀಟರ್. ನಮ್ಮವರಿಗೆ ಹೈದರಾಬಾದೇ ಹತ್ತಿರ. 'ಬಾಹುಬಲಿ'ಗೆ ಗ್ರಾಫಿಕ್ಸ್ ಮಾಡಿದ ಮಕುಟ ಇರೋದೂ ಅಲ್ಲೇ. ಔರಾದದ ಹುಡುಗನಿಗೆ ಕನ್ನಡದ ಜೊತೆ ಮರಾಠಿ, ತೆಲುಗು, ಹಿಂದಿ ಬಾಯಿಗೆ ಬರುತ್ತವೆ. ಇಂಗ್ಲಿಷ್ ಬರಲ್ಲ ಅಂತ ಅವನು ಇಂಟರ್‌ವ್ಯೂನಲ್ಲಿ ತಲೆ ತಗ್ಗಿಸುತ್ತಾನೆ. ಇಷ್ಟು ಭಾಷೆಯಲ್ಲಿ ಪಕ್ಕದ ಕುರ್ಚಿಯವನ ಜೊತೆ ಮಾತಾಡಬಲ್ಲೆ ಅನ್ನೋದು ಬಂಡವಾಳ ಅಂತ ಅವನಿಗೆ ಯಾರೂ ಹೇಳಿಲ್ಲ.

ಹಳ್ಳಿಯಿಂದ ಬಂದು ಐಡಿ ಕಾರ್ಡ್ ಹಾಕಿಕೊಂಡ ನಾವು "ಯಾರೂ ನಮಗೆ ಸಹಾಯ ಮಾಡಲಿಲ್ಲ, ಸ್ವಂತ ಕಷ್ಟದಿಂದ ಬಂದ್ವಿ" ಅಂತ ಹೆಮ್ಮೆಯಿಂದ ಹೇಳ್ಕೊಳ್ತೀವಿ. ಸುಳ್ಳು. ನನ್ನ ಮೊದಲ ರೆಸ್ಯೂಮೆ ತಿದ್ದಿದ್ದು ಭಾಲ್ಕಿಯ ಸೀನಿಯರ್ ಒಬ್ಬ. ಅವನ ರೂಮಿನಲ್ಲಿ ಮೂರು ತಿಂಗಳು ಬಾಡಿಗೆ ಕೊಡದೆ ಇದ್ದೆ. ಮರೆತಿದ್ದೆ, ಅಷ್ಟೇ.

ತಿಂಗಳಿಗೆ ಒಂದು ರೀಲ್ ನೋಡಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನಿ. ನಿಮ್ಮ ಮೊದಲ ಸಂಬಳ ಎಷ್ಟಿತ್ತು ಅಂತ ಮುಚ್ಚಿಡದೆ ಹೇಳಿ, ಹೊಲ ಅಡ ಇಡುವ ಮುಂಚೆ ಅಪ್ಪಂದಿರಿಗೆ ಗೊತ್ತಾಗಲಿ. ಗೊತ್ತಿರುವ ಒಬ್ಬರಿಗೆ ಲಿಂಕ್ ಕಳಿಸಿ. ಕೆಲಸ ಕೊಡಿಸಿ ಅಂತಿಲ್ಲ ನಾನು.

ಹುಡುಗ ರೀಲ್ ತಿದ್ದಿದ್ದಾನೆ, ಈಗ ಆನೆ ಮೊದಲು ಬರುತ್ತೆ. ಹೈದರಾಬಾದಿಗೆ ಎರಡು ಕಡೆ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಮೊನ್ನೆ ಕಾಕಾಗೆ ಫೋನ್ ಮಾಡಿ ಹೇಳಿದೆ: "ಸಿಮ್ ಬದಲಿ ಮಾಡಬ್ಯಾಡ ಕಾಕಾ. ಸಿಮ್ ಛಲೋ ಅದಾ. ಫೋನ್ ಎತ್ತದೇ ಇದ್ದಾಂವ ನಾನು."