ಬೀಗ ಮುರಿದರೆ ಸಾಲದು

2011ರಲ್ಲಿ ಟ್ಯುನೀಷಿಯಾದ ಜನ ಬೀದಿಗಿಳಿದು, 23 ವರ್ಷ ಆಳಿದ್ದ ಬೆನ್ ಅಲಿಯನ್ನು ದೇಶ ಬಿಟ್ಟು ಓಡಿಸಿದರು. ಪತ್ರಿಕೆಗಳ ಬಾಯಿಗೆ ಹಾಕಿದ್ದ ಬೀಗ ಮುರಿಯಿತು. ಪ್ರಕಟಣೆಗೆ ಮುನ್ನ ಸೆನ್ಸಾರ್ ಕೂಡದು ಎಂದು 2014ರ ಹೊಸ ಸಂವಿಧಾನ ಹೇಳಿತು. ಇನ್ನೇನು ಭಯ ಅಂತ ಜನ ನೆಮ್ಮದಿಯಾಗಿದ್ದರು.

ಆದರೆ 2021ರಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನೇ ಅಮಾನತಿನಲ್ಲಿಟ್ಟರು. ಮರುವರ್ಷ 54ನೇ ಆಜ್ಞೆ ಬಂತು: 'ಸುಳ್ಳು ಸುದ್ದಿ'ಗೆ 5 ವರ್ಷದವರೆಗೆ ಜೈಲು, ಸರ್ಕಾರಿ ಅಧಿಕಾರಿಯ ಬಗ್ಗೆಯಾದರೆ 10 ವರ್ಷ. ಸರ್ಕಾರವನ್ನು ಟೀಕಿಸಿದ ಪತ್ರಕರ್ತರು, ವಕೀಲರು ಕಂಬಿ ಎಣಿಸಬೇಕಾಯಿತು.

ಸುಳ್ಳು ಸುದ್ದಿಯ ಪೆಟ್ಟು ತಿಂದವರು ನಾವೂ ಹೌದು. ಆದರೆ ಯಾವುದು ಸುಳ್ಳು ಎಂಬ ತೀರ್ಮಾನ ಆಳುವವರ ಕೈಗೆ ಹೋದರೆ, ಮೊದಲು ಜೈಲಿಗೆ ಹೋಗುವುದು ಸತ್ಯವೇ ಅಲ್ವಾ? ಬೀಗ ಮುರಿದ ಮೇಲೂ ಬಾಗಿಲು ಕಾಯಬೇಕು. ನಮಗೆ ಒಗ್ಗದ ಪತ್ರಿಕೆಯ ಬಾಯಿ ಮುಚ್ಚಿಸಿದಾಗಲೂ 'ಯಾಕೆ?' ಅಂತ ಕೇಳಬೇಕು.