ಸೋಗಿನ ಕಡತ



ಕಡತವೆಂಬುದು ಕನ್ನಡದ ಹಳೆಯ ಪದ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಕಾಲವೊಂದಿತ್ತು. ಇಂದು ಅದೇ ಪದ ಗಣಕಯಂತ್ರದ ಫೈಲಿಗೆ ಸಂದಿದೆ. ಆದರೆ ಎರಡಕ್ಕೂ ದೊಡ್ಡ ಅಂತರವಿದೆ. ಬಟ್ಟೆಯ ಕಡತವನ್ನು ಬಿಚ್ಚಿದರೆ ಅದು ತನ್ನಲ್ಲಿರುವುದನ್ನು ತೋರಿಸಿ ಸುಮ್ಮನಿರುತ್ತದೆ. ಗಣಕದ ಕೆಲವು ಕಡತಗಳಾದರೋ ಬಿಚ್ಚಿದೊಡನೆ ತಾವೇ ಕೆಲಸಕ್ಕೆ ತೊಡಗುತ್ತವೆ. ಓದುವ ಕಡತ ಬೇರೆ, ನಡೆಯುವ ಕಡತ ಬೇರೆ. ಈ ಭೇದವನ್ನು ಅರಿಯದ ಮನೆಗಳಲ್ಲಿ ವರ್ಷದ ದುಡಿಮೆ ಕ್ಷಣದಲ್ಲಿ ಕರಗುತ್ತಿರುವುದರಿಂದ ಈ ತಿಂಗಳು ಅದನ್ನೇ ವಿವರಿಸಲು ಉದ್ದೇಶಿಸಿದ್ದೇವೆ.

ಆಳಂದ ತಾಲೂಕಿನ ಹಿರೋಳ್ಳಿ ಮಹಾರಾಷ್ಟ್ರದ ಗಡಿಗೆ ಹೊಂದಿದ ಊರು. ಇಂಥ ಗಡಿಯೂರುಗಳ ಬೀಗತನ ಅಕ್ಕಲಕೋಟೆ, ಸೊಲ್ಲಾಪುರಗಳವರೆಗೂ ಹಬ್ಬಿರುತ್ತದೆ. ಹಿಂದೆ ಲಗ್ನಪತ್ರಿಕೆ ಬೀಗರ ಕೈಯಿಂದಲೇ ಬರುತ್ತಿತ್ತು. ತಂದವರ ಮುಖವೇ ಅದಕ್ಕೆ ಪ್ರಮಾಣವಾಗಿತ್ತು. ಈಗ ಅದು ವಾಟ್ಸಾಪಿನಲ್ಲಿ ಬರುತ್ತದೆ. ಸಂಖ್ಯೆ ಅಪರಿಚಿತವಾಗಿದ್ದರೂ ಗಡಿಯಾಚೆಯ ಯಾರೋ ಬಂಧುಗಳಿರಬೇಕೆಂದು ಮನೆಯವರು ತೆರೆದುಬಿಡುತ್ತಾರೆ. ಕಳ್ಳರು ಬಂಡವಾಳ ಮಾಡಿಕೊಂಡಿರುವುದು ಈ ವಿಶ್ವಾಸವನ್ನೇ. 2024ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಲಗ್ನಪತ್ರಿಕೆಯ ಸೋಗಿನ ಕಡತಗಳ ಬಗ್ಗೆ ಜನರನ್ನು ಎಚ್ಚರಿಸಿದರು. ಆ ಕಡತದ ಹೆಸರಿನ ತುದಿಯಲ್ಲಿ 'ಎಪಿಕೆ' ಎಂಬ ಮೂರಕ್ಷರಗಳಿರುತ್ತವೆ. ಅದು ಚಿತ್ರವಲ್ಲ, ಆಂಡ್ರಾಯ್ಡ್ ಮೊಬೈಲಿಗೆ ಹೊಸ ಆ್ಯಪನ್ನು ಸೇರಿಸುವ ಕಡತ. ಅದು ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ ಬ್ಯಾಂಕಿನಿಂದ ಬರುವ ಓಟಿಪಿಯನ್ನು ಓದಿ ಕಳ್ಳರಿಗೆ ತಲುಪಿಸಬಲ್ಲದು. ತೊಗರಿ ಮಾರಿ ಬ್ಯಾಂಕಿನಲ್ಲಿಟ್ಟ ಹಣ ಯಾರ ಮದುವೆಗೋ ಅಲ್ಲ, ಯಾರ ಕಿಸೆಗೋ ಹೋಗುತ್ತದೆ.

ಸೋಗು ಹೊಸದಾದರೂ ತಂತ್ರ ಹಳೆಯದು. 2000ದ ಮೇ 4ರಂದು ಪ್ರೇಮಪತ್ರವೆಂಬ ಹೆಸರಿನ ಕಡತವೊಂದು ಫಿಲಿಪ್ಪೀನ್ಸ್ ದೇಶದಿಂದ ಹೊರಟು ಜಗತ್ತಿನ ಲಕ್ಷಾಂತರ ಗಣಕಗಳನ್ನು ಕೆಡಿಸಿತು. ಅದರ ಹೆಸರಿಗೆ ಎರಡು ಬಾಲಗಳಿದ್ದವು. ಮೊದಲನೆಯದು ಓದುವ ಕಡತಕ್ಕೆ ಸಲ್ಲುವ 'ಟಿಎಕ್ಸ್‌ಟಿ'. ಕೊನೆಯದು ನಡೆಯುವ ಕಡತಕ್ಕೆ ಸಲ್ಲುವ 'ವಿಬಿಎಸ್'. ವಿಂಡೋಸ್ ಕೊನೆಯ ಬಾಲವನ್ನು ಮರೆಮಾಡಿ ತೋರಿಸುತ್ತಿದ್ದುದರಿಂದ ಜನ ಮೋಸಹೋದರು. ಇಂದಿಗೂ ವಿಂಡೋಸ್ ತಾನಾಗಿ ಈ ಬಾಲವನ್ನು ತೋರಿಸುವುದಿಲ್ಲ. ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ' ವಿಭಾಗದಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದನ್ನು ಆರಿಸಿದರೆ ಕಾಣುತ್ತದೆ. ಗಣಕವುಳ್ಳ ಪ್ರತಿ ಮನೆಯಲ್ಲೂ ಮಕ್ಕಳಿಂದ ಇದನ್ನು ಇಂದೇ ಮಾಡಿಸಬೇಕು.

ಹೆಸರು ಮಾತ್ರ ಸಾಕೆ? ಸಾಲದು. ಡಾ. ಫ.ಗು. ಹಳಕಟ್ಟಿಯವರು ಮನೆಮನೆಯ ತಾಡವೋಲೆಗಳನ್ನು ಅರಸಿ ತಂದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಕಿಗೆ ತಂದರು. ಅಂದಿನಿಂದ ವಚನಗಳ ಶೋಧಕರೆಲ್ಲರೂ ಪ್ರಕ್ಷಿಪ್ತಗಳನ್ನು ಎದುರಿಸಬೇಕಾಯಿತು. ಅಂಕಿತ ಬಸವಣ್ಣನವರದಾದ ಮಾತ್ರಕ್ಕೆ ವಚನ ಅವರದಾಗುವುದಿಲ್ಲ. ಓಲೆ ಎಲ್ಲಿಯದು, ಬೇರೆ ಪ್ರತಿಗಳಲ್ಲಿ ಇದೆಯೆ, ಮಾತಿನ ನಡೆ ಹೊಂದುತ್ತದೆಯೆ ಎಂದು ನೋಡಬೇಕು. ಗಣಕದ ಕಡತಕ್ಕೂ ಇವೇ ಪರೀಕ್ಷೆಗಳು. ಕಳುಹಿಸಿದವರು ಪರಿಚಿತರಾದರೂ ಒಮ್ಮೆ ಕರೆಮಾಡಿ ಕೇಳಬೇಕು. ಸೋಂಕಿದ ಮೊಬೈಲಿನಿಂದ ಅದೇ ಕಡತ ಬಂಧುಗಳಿಗೆಲ್ಲ ಹೋಗುವುದುಂಟು. ಕಡತ ಎಲ್ಲಿ ಕುಳಿತಿದೆಯೆಂದೂ ನೋಡಬೇಕು. ವಿಂಡೋಸಿಗೆ ಸೇರಿದ ಹೆಸರನ್ನು ಹೊತ್ತ ಕಡತ ಡೌನ್‌ಲೋಡ್ಸ್‌ನಲ್ಲಿ ಸಿಕ್ಕಿದರೆ ಅದು ವೇಷಧಾರಿಯಿರಬಹುದು.

ಸಂಶಯ ಬಂದೊಡನೆ ಅಳಿಸಿಬಿಡುವುದೂ ಅವಿವೇಕವೇ. ಡಿ.ಟಿ.ಪಿ. ಅಂಗಡಿಗೆ ಹೋಗಿಬಂದ ಪೆನ್‌ಡ್ರೈವುಗಳಲ್ಲಿ ಒಂದು ಕಾಟವುಂಟು. ಅಸಲು ಫೋಲ್ಡರುಗಳು ಮರೆಯಾಗಿ, ಅವುಗಳದೇ ಹೆಸರು ಮತ್ತು ಚಿತ್ರ ಹೊತ್ತ ಸೋಗಿನವು ಅಲ್ಲಿ ಕುಳಿತಿರುತ್ತವೆ. 'ಟೈಪ್' ಎಂಬ ಕಡೆ 'ಫೈಲ್ ಫೋಲ್ಡರ್' ಎನ್ನುವ ಬದಲು 'ಅಪ್ಲಿಕೇಷನ್' ಅಥವಾ 'ಶಾರ್ಟ್‌ಕಟ್' ಎಂದಿದ್ದರೆ ಅದೇ ಗುರುತು. ಎಲ್ಲವೂ ಹೋಯಿತೆಂದು ಗಾಬರಿಯಾಗಿ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡುವವರು ತಮ್ಮ ಕೈಯಿಂದಲೇ ಅಸಲನ್ನು ಕಳೆದುಕೊಳ್ಳುತ್ತಾರೆ. ಮೊದಲು ಆ್ಯಂಟಿವೈರಸ್‌ನಿಂದ ತಪಾಸಣೆ ಮಾಡಿಸಿ, ಬಳಿಕ 'ಹಿಡನ್ ಐಟಮ್ಸ್' ಆರಿಸಿದರೆ ಅಸಲು ಫೋಲ್ಡರು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಮಠದ ದಾಸೋಹದ ಲೆಕ್ಕವೋ, ಹಿರಿಯರ ಭಜನೆಪದಗಳ ಸಂಗ್ರಹವೋ ಹೀಗೆ ಉಳಿಯಬಲ್ಲದು.

ಇನ್ನು ತೆಗೆಯುವ ಕ್ರಮ. ಗಣಕದಲ್ಲಿ ಸಂಶಯದ ಕಡತವಿದ್ದರೆ ಅದನ್ನು ತೆರೆಯದೆ ಮೊದಲು ಇಂಟರ್ನೆಟ್ ಸಂಪರ್ಕ ಕಡಿಯಬೇಕು. ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ ವಿಂಡೋಸಿನದೇ ಆದ ಡಿಫೆಂಡರಿನಿಂದ ತಪಾಸಣೆ ಮಾಡಿಸಬೇಕು. ಡಿಫೆಂಡರ್ ಅದನ್ನು 'ಕ್ವಾರಂಟೈನ್' ಮಾಡಿದರೆ ಪ್ರತ್ಯೇಕವಾಗಿ ಕಟ್ಟಿಹಾಕಿತೆಂದು ಅರ್ಥ. ತಪ್ಪಾಗಿ ಹಿಡಿದಿದ್ದರೆ ಮರಳಿ ಪಡೆಯಬಹುದು, ನಿಶ್ಚಯವಾದ ಮೇಲೆ ಅಳಿಸಬಹುದು. ಇನ್ನೂ ಸಂದೇಹ ಉಳಿದರೆ ಸ್ಪೇನಿನಲ್ಲಿ 2004ರಲ್ಲಿ ಆರಂಭವಾದ ವೈರಸ್‌ಟೋಟಲ್ ಎಂಬ ಸೇವೆ ಹಲವಾರು ಆ್ಯಂಟಿವೈರಸ್‌ಗಳ ಅಭಿಪ್ರಾಯವನ್ನು ಒಟ್ಟಿಗೆ ತಿಳಿಸುತ್ತದೆ. ಅಲ್ಲಿಗೆ ಕಳುಹಿಸಿದ್ದು ಬೇರೆಯವರ ಕೈಗೂ ಹೋಗುವುದರಿಂದ ಮನೆಯ ಖಾಸಗಿ ಪತ್ರಗಳನ್ನು ಕಳುಹಿಸಬಾರದು.

ಮೊಬೈಲಿನಲ್ಲಿ ಎಪಿಕೆ ತೆರೆದುಬಿಟ್ಟಿದ್ದರೆ ಡೇಟಾ ಮತ್ತು ವೈಫೈ ಎರಡನ್ನೂ ನಿಲ್ಲಿಸಿ, 'ಸೆಟ್ಟಿಂಗ್ಸ್'ನ 'ಆ್ಯಪ್ಸ್' ವಿಭಾಗದಲ್ಲಿ ಆ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಬೇಕು. ಅದು ಜಗ್ಗದಿದ್ದರೆ 'ಡಿವೈಸ್ ಅಡ್ಮಿನ್' ಅಧಿಕಾರ ಪಡೆದಿರಬಹುದು. ಮೊದಲು ಆ ಅಧಿಕಾರವನ್ನು ಕಿತ್ತುಕೊಳ್ಳಬೇಕು. ಪಾಸ್‌ವರ್ಡುಗಳನ್ನು ಬೇರೊಂದು ಮೊಬೈಲಿನಿಂದ ಬದಲಿಸಬೇಕು. ಹಣ ಹೋಗಿದ್ದರೆ ಬ್ಯಾಂಕಿಗೂ, ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ಆ ಕ್ಷಣವೇ ಕರೆಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಂಭವ ಹೆಚ್ಚು. ನಾಚಿಕೆಯಿಂದ ಬಚ್ಚಿಟ್ಟರೆ ಕಳ್ಳನಿಗೆ ಹೊತ್ತು ಕೊಟ್ಟಂತೆ. ಮನೆಯ ಹಿರಿಯರು ಮೋಸಹೋದರೆ ಮಕ್ಕಳು, ಮಕ್ಕಳು ಮೋಸಹೋದರೆ ಹಿರಿಯರು ಗದರಿಸದೆ ನೆರವಾಗಬೇಕು. ಗದರಿಕೆಗೆ ಅಂಜಿದವರು ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಬಂದ ಜಂಗಮರನ್ನು ಆದರಿಸುವುದು ನಮ್ಮ ಮನೆಗಳ ಧರ್ಮ. ಆದರೆ ವೇಷವೇ ಜಂಗಮತ್ವವಲ್ಲವೆಂದು ಶರಣರು ನಮಗೆ ಕಲಿಸಿದ್ದಾರೆ. ಲಾಂಛನದ ಹಿಂದಿನ ನಡೆಯನ್ನು ಅರಸುವ ಆ ಕಣ್ಣನ್ನು ಅಂಗೈಯೊಳಗಿನ ಯಂತ್ರದ ಮೇಲೂ ಇರಿಸೋಣ. ಬರುವ ಲಗ್ನದ ಹಂಗಾಮಿನಲ್ಲಿ ಪತ್ರಿಕೆ ಕಳುಹಿಸುವವರು ಚಿತ್ರವಾಗಿ ಕಳುಹಿಸಿ, ಜೊತೆಗೊಂದು ಕರೆಯನ್ನೂ ಮಾಡಲಿ. ಬೀಗರ ದನಿ ಕೇಳಿದಂತೆಯೂ ಆಯಿತು, ಕಳ್ಳರ ದಾರಿ ಕಟ್ಟಿದಂತೆಯೂ ಆಯಿತು.