ಏರಿನಲ್ಲಿ ಬಳಲುವ ಕಾರು
ಕಳೆದ ತಿಂಗಳು ವೃದ್ಧರಾದ ನಮ್ಮ ತಾಯಿಯವರನ್ನು ಕೂರಿಸಿಕೊಂಡು ವಿಜಯನಗರದಿಂದ ಹೊರಟು ಸಿರ್ಸಿ ವೃತ್ತದ ಮೇಲ್ಸೇತುವೆಯನ್ನು ಏರುತ್ತಿದ್ದೆವು. ಆಕ್ಸಿಲರೇಟರನ್ನು ಪೂರ್ತಿ ತುಳಿದರೂ ನಮ್ಮ ಪೆಟ್ರೋಲು ಕಾರು ಮುಂದುವರಿಯಲೊಲ್ಲದು, ಬೆನ್ನಿಗೇ ಬಸ್ಸು. ತಾಯಿಯವರು ಕಣ್ಣು ಮುಚ್ಚಿ ದೇವರನ್ನು ನೆನೆದರು. ಅಂಥ ಭಯವು ವಾಚಕರಾರಿಗೂ ಬಾರದಿರಲೆಂದು ಇದನ್ನು ಬರೆಯುತ್ತಿದ್ದೇವೆ.

ಗ್ಯಾರೇಜೊಂದರಲ್ಲಿ ನೋಡಿದೊಡನೆಯೇ "ಕ್ಲಚ್ ಪ್ಲೇಟು ಬದಲಾಯಿಸಬೇಕು" ಎಂದರು. ನಾವು ಒಡಂಬಡಲಿಲ್ಲ. ಕ್ಲಚ್ ಜಾರುವುದಾದರೆ ಎಂಜಿನ್ನಿನ ಸುತ್ತು ಏರುವುದು, ಗಾಡಿಯ ವೇಗ ಏರದು. ನಮ್ಮಲ್ಲಿ ಸುತ್ತೇ ಏರುತ್ತಿರಲಿಲ್ಲ. ಚಕ್ರಗಳ ಬಳಿ ಕೈಯೊಡ್ಡಿ ನೋಡಿದೆವು. ಯಾವುದೊಂದೂ ವಿಶೇಷವಾಗಿ ಕಾದಿರಲಿಲ್ಲ. ಆದಕಾರಣ ಬ್ರೇಕು ಹಿಡಿದುಕೊಂಡಿರಲಾರದು. ಇನ್ನು ಮುಖ್ಯವಾಗಿ ನೋಡಬೇಕಾದದ್ದು ಎಂಜಿನ್ನಿನ ಗಾಳಿ, ಪೆಟ್ರೋಲು, ಕಿಡಿ.

ಒಂದು ತೂಕ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 15 ತೂಕ ಗಾಳಿ ಬೇಕು. ಏರ್ ಫಿಲ್ಟರಿನ ಪೆಟ್ಟಿಗೆಯನ್ನು ತೆರೆಯಲು, ಮೈಸೂರು ರಸ್ತೆಯ ಧೂಳೆಲ್ಲವೂ ಅಲ್ಲಿ ಮನೆಮಾಡಿತ್ತು. ಹೊಸ ಫಿಲ್ಟರು ಹಾಕಿದೆವು. ಬಲವು ಕೊಂಚ ಮರಳಿತು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಸಲು, ಅವುಗಳ ತುದಿಗಳು ಸವೆದಿದ್ದವು. ಅವನ್ನೂ ಬದಲಾಯಿಸಿದ ಮೇಲೆ ಕಾರು ಕೆಂಗೇರಿಯವರೆಗೆ ಲೀಲಾಜಾಲವಾಗಿ ಓಡಿತು. ಹಾಗಾಗದಿದ್ದರೆ ಪೆಟ್ರೋಲಿನ ಪಂಪನ್ನೂ ಫಿಲ್ಟರನ್ನೂ ಪರೀಕ್ಷಿಸಬೇಕಾಗುತ್ತಿತ್ತು.

ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ. ಕಾರಣವನ್ನು ಕೇಳದೆ ಹಣ ತೆರಕೂಡದು. ಆದರೆ ಎಂಜಿನ್ನಿನ ಎಚ್ಚರಿಕೆಯ ದೀಪವು ಮಿನುಗುತ್ತಿದ್ದರೆ ಗಾಡಿಯನ್ನು ಬಲವಂತದಿಂದ ಓಡಿಸದೆ ತಜ್ಞರಿಗೆ ತೋರಿಸತಕ್ಕದ್ದು.

ಮೊನ್ನೆ ಅದೇ ಸೇತುವೆಯನ್ನು ಏರುವಾಗ ತಾಯಿಯವರು ಮತ್ತೆ ಕಣ್ಣು ಮುಚ್ಚಿದ್ದರು. ಈ ಸಲ ಅದು ನಿದ್ರೆ.